ಹೊಸ ಕ್ಯಾರವಾನಿನ ಮೊದಲ ಸರ್ವಿಸ್: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಕಾಸರಗೋಡು ಜಿಲ್ಲೆಯ ಕುಂಬಳೆಯವರು. ವ್ಯಾನಿನ ಮೇಲೆ ಕಟ್ಟಿಸಿದ ಹೊಸ ಕ್ಯಾರವಾನ್ ತೆಗೆದುಕೊಂಡಿದ್ದೀರಿ. ಮಾರುವಾಗ "ಮೊದಲ ಸರ್ವಿಸ್ ಫ್ರೀ" ಅಂದಿದ್ದರು. ಈಗ ಮಂಗಳೂರಿನ ಸರ್ವಿಸ್ ಸೆಂಟರಿನವರು ಎಣ್ಣೆ, ಫಿಲ್ಟರ್, ಕೋಟಿಂಗ್ ಅಂತೆಲ್ಲ ಸೇರಿಸಿ ದೊಡ್ಡ ಎಸ್ಟಿಮೇಟ್ ಕೊಟ್ಟಿದ್ದಾರೆ. ಒಳಗಿನ ಮಂಚ, ಅಡುಗೆಮನೆ, ಬಾತ್‌ರೂಮ್ ಮಾಡಿಕೊಟ್ಟ ಕಂಪೆನಿಯವರು ಮೊದಲ ವರ್ಷದ ಸರ್ವಿಸ್‌ಗೆ ಬೇರೆಯೇ ದುಡ್ಡು ಕೇಳುತ್ತಿದ್ದಾರೆ. ಎರಡೂ ಕಡೆ ಕೊಡಬೇಕಾ, ಊರಿನ ಗ್ಯಾರೇಜಿನಲ್ಲೇ ಮುಗಿಸಬಹುದಾ ಅಂತ ನಿಮ್ಮ ಪ್ರಶ್ನೆ.

ಎರಡು ಸರ್ವಿಸೂ ಮಾಡಿಸಿ. ವ್ಯಾನಿನ ಬಿಲ್ಲಲ್ಲಿ ಅರ್ಧದಷ್ಟು ಸಾಲುಗಳನ್ನು ನೀವು ತೆಗೆಸಬಹುದು. ಒಳಗಿನ ಮನೆಯ ಸರ್ವಿಸ್‌ಗೆ ಮಾತ್ರ ಚೌಕಾಸಿ ಮಾಡದೆ ದುಡ್ಡು ಕೊಡಿ, ಆದರೆ ಕೆಲಸ ನಿಮ್ಮ ಕಣ್ಣೆದುರೇ ಆಗಲಿ, ಅಳತೆಗಳೆಲ್ಲ ಕಾಗದದಲ್ಲಿ ಬರಲಿ.

ನಾವು ಬದಿಯಡ್ಕದ ಕಡೆಯವರು, ಅಡಿಕೆ ತೋಟದವರು. ಅಮ್ಮನಿಗೆ ಮೊಣಕಾಲು ನೋವು, ದೂರ ಹೋದರೆ ದಾರಿಯಲ್ಲಿ ಶೌಚಾಲಯದ್ದೇ ಚಿಂತೆ. ಅದಕ್ಕೆ ನಾನೂ ಭಾವನೂ ಸೇರಿ ನಿಮ್ಮಂಥದ್ದೇ ಗಾಡಿ ಮಾಡಿಸಿದೆವು. ಹಾಗಾಗಿ ಈ ಎರಡು ಬಿಲ್ಲಿನ ತಲೆನೋವು ನನಗೆ ಚೆನ್ನಾಗಿ ಗೊತ್ತು.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ನೋಡಲಿಕ್ಕೆ ಒಂದೇ ಗಾಡಿ, ವಾರಂಟಿ ಮಾತ್ರ ಎರಡು. ಇಂಜಿನ್, ಗೇರ್‌ಬಾಕ್ಸ್, ಬ್ರೇಕ್, ಸ್ಟೀರಿಂಗ್ ವ್ಯಾನ್ ಕಂಪೆನಿಯ ಹೊಣೆ. ಒಳಗಿನ ಮರದ ಕೆಲಸ, ನೀರು, ಗ್ಯಾಸ್, ಬ್ಯಾಟರಿ, ಮಾಡಿನಲ್ಲಿ (ಛಾವಣಿಯಲ್ಲಿ) ಕೊರೆದ ತೂತುಗಳು ಕಟ್ಟಿದವರ ಹೊಣೆ. ಜಾಗ ಒಬ್ಬರದ್ದು, ಮೇಲಿನ ಮನೆ ಇನ್ನೊಬ್ಬರದ್ದು ಇದ್ದ ಹಾಗೆ. "ಫ್ರೀ ಸರ್ವಿಸ್" ಕೂಪನ್ ಬರುವುದು ವ್ಯಾನ್ ಕಂಪೆನಿಯಿಂದ. ಅದಕ್ಕೂ ಒಳಗಿನ ಮನೆಗೂ ಸಂಬಂಧವೇ ಇಲ್ಲ. ಮಾರುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಬೇಜಾರಾಗುವುದು ಅಲ್ಲಿಯೇ.

ಈಗ ವ್ಯಾನಿನ ಬಿಲ್ಲು. ಫ್ರೀ ಅಂದರೆ ಕೂಲಿ ಮಾತ್ರ ಫ್ರೀ. ಎಣ್ಣೆ, ಫಿಲ್ಟರ್, ಗ್ರೀಸ್, ಆಡ್‌ಬ್ಲೂ (ಡೀಸೆಲ್ ಹೊಗೆ ಶುದ್ಧ ಮಾಡುವ ದ್ರವ) ಟ್ಯಾಂಕ್ ಇದ್ದರೆ ಅದು, ಇದಕ್ಕೆಲ್ಲ ನಾವೇ ಕೊಡಬೇಕು. ಇದು ಮೋಸ ಅಲ್ಲ, ಕೂಪನ್ನಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ. ಆದರೆ ಮೊದಲ ಸರ್ವಿಸ್‌ನಲ್ಲೇ ಎಣ್ಣೆ ಬದಲಿಸಬೇಕೋ, ಬರೀ ನೋಡಿ ಕಳಿಸಬೇಕೋ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಅದನ್ನು ಹೇಳುವುದು ನಿಮ್ಮ ಓನರ್ಸ್ ಮ್ಯಾನ್ಯುವಲ್, ಕೌಂಟರಿನಲ್ಲಿ ಕೂತವರಲ್ಲ. ಸರ್ವಿಸ್ ಪಟ್ಟಿಯ ಪುಟ ಮಡಚಿಟ್ಟುಕೊಂಡು ಹೋಗಿ. ಎಷ್ಟು ಲೀಟರ್ ಎಣ್ಣೆ, ಯಾವ ಗ್ರೇಡ್ ಅಂತ ಅದರಲ್ಲೇ ಇರುತ್ತದೆ. ಬಿಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ಲೀಟರ್ ಕಂಡರೆ ಕೇಳಿ. ತೆಗೆದ ಹಳೇ ಫಿಲ್ಟರನ್ನೂ ತೋರಿಸಲು ಹೇಳಿ.

ತೆರಿಗೆಯ ಸಾಲು ಸಹ ನೋಡಿ. ವಾಹನದ ಬಿಡಿಭಾಗಗಳಿಗೆ ಮೊದಲು 28% ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18% ಆಗಿದೆ. ಎಣ್ಣೆಗೂ ರಿಪೇರಿ ಕೂಲಿಗೂ 18%.

ಇನ್ನು ಆ ಕೋಟಿಂಗ್‌ಗಳು. ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನರ್, ಎಸಿ ಡಿಸಿನ್ಫೆಕ್ಟೆಂಟ್, ಟೆಫ್ಲಾನ್ ಕೋಟಿಂಗ್, ಇಂಟೀರಿಯರ್ ಶಾಂಪೂ. ಹೊಸ ಗಾಡಿಯ ಮೊದಲ ಸರ್ವಿಸ್‌ಗೆ ಇದು ಯಾವುದೂ ಬೇಕಾಗಿಲ್ಲ. ನಮ್ಮ ಎಸ್ಟಿಮೇಟಿನಲ್ಲೂ ಹಾಕಿದ್ದರು. "ಹೊಸ ಇಂಜಿನ್‌ಗೆ ಫ್ಲಶ್ ಯಾಕೆ ಮಾರಾಯ್ರೇ?" ಅಂತ ಕೇಳಿದೆ. ಆ ಹುಡುಗ ಮುಖ ಸಹ ಎತ್ತಲಿಲ್ಲ. "ಬೇಡ ಅಂದ್ರೆ ತೆಗೀತೇನೆ ಅಣ್ಣ" ಅಂದ, ಕೀ ಒತ್ತಿದ, ಆ ಸಾಲು ಹೋಯಿತು. ಅಷ್ಟೇ ಕೆಲಸ. ಕೇಳದವರ ಬಿಲ್ಲಿನಲ್ಲಿ ಅದು ಹಾಗೇ ಉಳಿಯುತ್ತದೆ, ನನಗೆ ಸಿಟ್ಟು ಬರುವುದು ಅದಕ್ಕೆ. ಮಾಡುವ ಕೆಲಸಗಳನ್ನು ಬರೆದ ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು "ನನ್ನನ್ನು ಕೇಳದೆ ಹೆಚ್ಚಿನ ಕೆಲಸ ಮಾಡಬಾರದು" ಅಂತ ಕೈಯಿಂದಲೇ ಬರೆಯಿರಿ. ಕನ್ನಡದಲ್ಲಿ ಬರೆದರೆ ಸಾಕು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಎಲ್ಲರೂ ಓದುತ್ತಾರೆ.

ತುಕ್ಕಿನ ಕೋಟಿಂಗ್ ವಿಷಯದಲ್ಲಿ ನಾನು ಅಷ್ಟು ಗಟ್ಟಿಯಾಗಿ ಬೇಡ ಅನ್ನುವುದಿಲ್ಲ. ನೀವು ಕಡಲ ಬದಿಯವರು, ಉಪ್ಪುಗಾಳಿ ಅಡಿಭಾಗವನ್ನು ತಿನ್ನುತ್ತದೆ. ಆದರೆ ಕಂಪೆನಿಯವರೇ ಏನು ಹಚ್ಚಿ ಕಳಿಸಿದ್ದಾರೆ ಅಂತ ಮೊದಲು ಕೇಳಿ. ಕ್ಯಾರವಾನ್ ಕಟ್ಟುವಾಗ ಚಾಸಿಗೆ ಎಲ್ಲೆಲ್ಲಿ ತೂತು ಕೊರೆದಿದ್ದಾರೋ, ಬ್ರಾಕೆಟ್ ಹಾಕಿದ್ದಾರೋ, ಆ ಜಾಗಗಳಿಗೆ ಬಣ್ಣ ಇದೆಯೋ ಅಂತ ಗಾಡಿ ಲಿಫ್ಟಿನಲ್ಲಿರುವಾಗ ಟಾರ್ಚ್ ಹಿಡಿದು ನೋಡಿ. ತುಕ್ಕು ಶುರುವಾಗುವುದು ಅಲ್ಲಿಂದಲೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ, ಒಳಗಿನ ಮನೆ.

ಇಂಗ್ಲೆಂಡಿನಲ್ಲಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕ್ಯಾರವಾನ್ ಮನೆಮನೆಯ ಮಾತು. ಅಲ್ಲಿ ಹೊಸ ಕ್ಯಾರವಾನಿನ ಮೊದಲ ಸರ್ವಿಸ್‌ಗೂ ಮಾಲೀಕರೇ ದುಡ್ಡು ಕೊಡುವುದು ವಾಡಿಕೆ. ಕೆಲವು ಕಂಪೆನಿಗಳು ನೀರು ಒಳಗೆ ಬರುವುದಿಲ್ಲ ಅಂತ 10 ವರ್ಷದ ವಾರಂಟಿ ಕೊಡುತ್ತವೆ. ಆದರೆ ಪ್ರತಿ ವರ್ಷ ಒಪ್ಪಿಗೆ ಇರುವ ವರ್ಕ್‌ಶಾಪಿನಲ್ಲಿ ಸರ್ವಿಸ್ ಮಾಡಿಸಿ ಪುಸ್ತಕಕ್ಕೆ ಸೀಲ್ ಹಾಕಿಸಬೇಕು. ಒಂದು ವರ್ಷ ತಪ್ಪಿದರೂ ವಾರಂಟಿ ಕೈಬಿಟ್ಟು ಹೋಗಬಹುದು. ಹಾಗಾಗಿ ಅಲ್ಲಿನವರು ಸರ್ವಿಸ್ ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಮುಖ್ಯವಾಗಿ ಒಂದು ಕಾಗದ: ಈ ದಿನಕ್ಕೆ ಈ ಗಾಡಿ ಒಣಗಿತ್ತು, ಗ್ಯಾಸ್ ಸೋರುತ್ತಿರಲಿಲ್ಲ ಅನ್ನುವ ಸಾಕ್ಷಿ. ನಿಮ್ಮ ಕಂಪೆನಿಯವರ ಷರತ್ತೂ ಇದೇ ತರಹ ಇದೆಯಾ ಅಂತ ವಾರಂಟಿ ಪತ್ರದಲ್ಲಿ ಓದಿ. ಇದ್ದರೆ ದಿನ ತಪ್ಪಿಸಬೇಡಿ.

ನಮ್ಮ ಕಡೆ ಈ ಕಾಗದಕ್ಕೆ ಇನ್ನೂ ಬೆಲೆ ಜಾಸ್ತಿ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಕ್ಯಾರವಾನ್ ಹಾಳಾಗುವುದು ಇಂಜಿನ್‌ನಿಂದ ಅಲ್ಲ, ನೀರಿನಿಂದ. ಮಾಡಿನ ಫ್ಯಾನಿನ ಸುತ್ತ, ಎಸಿ ಕೂರಿಸಿದ ತೂತಿನ ಸುತ್ತ, ಸೋಲಾರ್ ವಯರ್ ಒಳಗಿಳಿಯುವಲ್ಲಿ, ಕಿಟಕಿಯ ಕೆಳಮೂಲೆಯಲ್ಲಿ ಸೀಲೆಂಟ್ (ನೀರು ತಡೆಯುವ ಅಂಟು) ಕೂದಲೆಳೆಯಷ್ಟು ಬಿಟ್ಟರೆ ಸಾಕು. ನೀರು ಹನಿಯಾಗಿ ಕಾಣುವುದೇ ಇಲ್ಲ. ಪ್ಲೈವುಡ್ ಸುಮ್ನೆ ಕುಡಿಯುತ್ತಾ ಇರುತ್ತದೆ. ವಾಸನೆ ಬರುವಷ್ಟರಲ್ಲಿ ಹಲಗೆ ಮೆತ್ತಗಾಗಿರುತ್ತದೆ.

ಇದನ್ನು ಹಿಡಿಯಲು ತೇವಾಂಶ ಅಳೆಯುವ ಮೀಟರ್ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ತುದಿಯಲ್ಲಿ ಎರಡು ಸೂಜಿ. ನಮ್ಮ ಗಾಡಿಗೆ ಬಂದ ಟೆಕ್ನಿಷಿಯನ್ ಕಪಾಟಿನ ಬಟ್ಟೆ ಎಲ್ಲ ಹೊರಗೆ ಹಾಕಿಸಿ, ತಲೆ ಒಳಗೆ ತೂರಿಸಿ, ಹಿಂದಿನ ಮೂಲೆಯ ಹಲಗೆಗೆ ಸೂಜಿ ಒತ್ತಿದರು. ನಾನು ಪಕ್ಕದಲ್ಲಿ ನಿಂತು ಸಂಖ್ಯೆ ಬರೆದುಕೊಂಡೆ. ಬ್ರಿಟನ್ನಿನ ವರ್ಕ್‌ಶಾಪ್‌ಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಇದು: 15%ರವರೆಗೆ ಚಿಂತೆ ಇಲ್ಲ, 15ರಿಂದ 20ರ ನಡುವೆ ಇದ್ದರೆ ಕಣ್ಣಿಡಬೇಕು, 20 ದಾಟಿದರೆ ಎಲ್ಲಿಂದ ನೀರು ಬರುತ್ತಿದೆ ಅಂತ ಹುಡುಕಬೇಕು. ಆದರೆ ನಮ್ಮ ಆಟಿ ತಿಂಗಳ ಜಡಿಮಳೆಯಲ್ಲಿ ಅಳೆದರೆ ಮನೆಯ ಬಾಗಿಲೇ ಉಬ್ಬಿರುತ್ತದೆ, ಗಾಡಿಯ ಹಲಗೆ ಒಣಗಿರಲು ಸಾಧ್ಯವೇ? ಅದಕ್ಕೆ ಬರೀ ಒಂದು ಸಂಖ್ಯೆ ನೋಡಬೇಡಿ, ಮೂಲೆಯಿಂದ ಮೂಲೆಗೆ ಹೋಲಿಸಿ. ಎಲ್ಲ ಕಡೆ 17 ಇದ್ದು ಒಂದು ಮೂಲೆ ಮಾತ್ರ 25 ತೋರಿಸಿದರೆ ಸೋರಿಕೆ ಅಲ್ಲಿದೆ. ಸೂಜಿ ಮರಕ್ಕೆ ತಾಗಬೇಕು, ಫೈಬರ್ ಅಥವಾ ಲೋಹದ ಮೇಲೆ ಒತ್ತಿ ಹೇಳುವ ಸಂಖ್ಯೆಗೆ ಅರ್ಥ ಇಲ್ಲ.

ಸರ್ವಿಸ್ ದಿನ ಆರಿಸುವ ಅವಕಾಶ ಇದ್ದರೆ ಮೇ ತಿಂಗಳಲ್ಲಿ ಮಾಡಿಸಿ. ಒಣ ಗಾಡಿಯ ಅಳತೆ ಸಿಗುತ್ತದೆ, ಬಿಟ್ಟ ಸೀಲೆಂಟನ್ನು ಮಳೆಗೆ ಮೊದಲೇ ಹಾಕಿಸಬಹುದು. ಆ ಹಾಳೆಯನ್ನು ಜೋಪಾನ ಮಾಡಿ. ಮುಂದೆ ಯಾವ ಮೂಲೆ ಒದ್ದೆಯಾದರೂ "ಇದು ಮೊದಲೇ ಹೀಗಿತ್ತು" ಅನ್ನಲು ಅವರಿಗಾಗುವುದಿಲ್ಲ.

ಗ್ಯಾಸಿನ ವಿಷಯ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಅದಕ್ಕೇ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಗಾಡಿ ಒಂದಷ್ಟು ಕಾಲ ತೋಟದ ಶೆಡ್ಡಿನಲ್ಲಿ ನಿಂತಿತ್ತು ಅಂದರೆ ಕುಂಬಾರ ಹುಳ ಮಣ್ಣು ತಂದು ಆ ತೂತನ್ನು ಚೆಂದ ಮಾಡಿ ಮುಚ್ಚಿಬಿಡುತ್ತದೆ. ನಮ್ಮದರಲ್ಲಿ ಫ್ರಿಜ್ಜಿನ ಹಿಂದಿನ ಜಾಲರಿಯಲ್ಲೂ ಗೂಡಿತ್ತು. ಯಾವ ಕಂಪೆನಿಯ ಚೆಕ್‌ಲಿಸ್ಟಿನಲ್ಲೂ ಈ ಹುಳದ ಹೆಸರು ಇರುವುದಿಲ್ಲ, ನೀವೇ ಹೇಳಿ ನೋಡಿಸಬೇಕು. ಪ್ರತಿ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡಲಿ. ಹೊಂಡದ ರಸ್ತೆಯಲ್ಲಿ ಕುಲುಕಿ ಜಾಯಿಂಟ್ ಸಡಿಲಾಗುವುದು ಮೊದಲ ವರ್ಷವೇ ಜಾಸ್ತಿ. ರಬ್ಬರ್ ಪೈಪಿನ ಮೇಲೆ ತಾರೀಕು ಇದೆಯಾ ನೋಡಿ, ಸುರಕ್ಷಾ ಪೈಪಿನ ಆಯುಸ್ಸು 5 ವರ್ಷ.

ಕರೆಂಟಿನ ಕೆಲಸ ಬೇಗ ಮುಗಿಯುತ್ತದೆ. ಹೊರಗಿನಿಂದ ಕರೆಂಟ್ ಕೊಡುವಾಗ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದರೆ ಅದು ಟಪ್ ಅಂತ ಬೀಳಬೇಕು. ಬ್ಯಾಟರಿ ಟರ್ಮಿನಲ್ಲಿನಲ್ಲಿ ಹಸಿರು ಬೂಷ್ಟು ಬಂದಿದ್ದರೆ ತೆಗೆಸಿ.

ಒಂದು ಕೆಲಸ ಮಾತ್ರ ಯಾವ ಸರ್ವಿಸಿನವರೂ ಮಾಡುವುದಿಲ್ಲ, ನೀವೇ ಮಾಡಿ. ನೀರು ತುಂಬಿಸಿ, ಸಾಮಾನು ಹಾಕಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಕೆಂಪುಕಲ್ಲಿನ ಲಾರಿ ತೂಗುವ ವೇ ಬ್ರಿಜ್ಜಿಗೆ ಹೋಗಿ. 100 ಲೀಟರ್ ನೀರು ಅಂದರೆ 100 ಕಿಲೋ. ಬಂದ ತೂಕವನ್ನು ಆರ್‌ಸಿಯಲ್ಲಿ ಬರೆದ ಒಟ್ಟು ತೂಕಕ್ಕೆ ಹೋಲಿಸಿ. ಟಯರಿನ ಗಾಳಿ ಎಷ್ಟಿರಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಗಾಡಿಯನ್ನು ಎತ್ತಿ ಬ್ರೇಕ್ ನೋಡುವವರಿಗೂ ಆ ಚೀಟಿ ತೋರಿಸಿ.

ಊರಿನ ಗ್ಯಾರೇಜ್? ವಾರಂಟಿ ಇರುವವರೆಗೆ ವ್ಯಾನಿನ ಕೆಲಸಕ್ಕೆ ಬೇಡ. ಅಧಿಕೃತ ಸೆಂಟರಿಗೇ ಹೋಗಿ, ಕಾಸರಗೋಡಿನಿಂದ ಮಂಗಳೂರಿಗೆ ಹೆಚ್ಚೆಂದರೆ 50 ಕಿಲೋಮೀಟರ್, ಕುಂಬಳೆಯಿಂದ ಇನ್ನೂ ಹತ್ತಿರ. ಒಳಗಿನ ಮನೆಗೆ ಮಾತ್ರ ಬೇರೆ ದಾರಿ ಇದೆ. ಕಟ್ಟಿದವರು ದೂರದ ಊರಿನಲ್ಲಿದ್ದರೆ ಇಷ್ಟಕ್ಕೇ ಘಟ್ಟ ಹತ್ತಿ ಹೋಗಿಬರುವ ಡೀಸೆಲ್ ಖರ್ಚೇ ಸರ್ವಿಸ್‌ಗಿಂತ ಜಾಸ್ತಿ. "ನಿಮ್ಮವರನ್ನು ಇಲ್ಲಿಗೆ ಕಳಿಸಿ, ಇಲ್ಲದಿದ್ದರೆ ನಿಮ್ಮ ಚೆಕ್‌ಲಿಸ್ಟ್ ಕಳಿಸಿ. ನಮ್ಮ ಊರಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, ಗ್ಯಾಸ್ ಮೆಕ್ಯಾನಿಕ್‌ರಿಂದ ಮಾಡಿಸಿ ಫೋಟೋ ಕಳಿಸುತ್ತೇನೆ. ವಾರಂಟಿ ಉಳಿಯುತ್ತದೆ ಅಂತ ಬರೆದುಕೊಡಿ" ಅಂತ ಇಮೇಲ್ ಹಾಕಿ. ನಮಗೆ ಹೀಗೆ ಕೇಳಿದ ಮೇಲೆಯೇ ಅವರು ಜನ ಕಳಿಸಿದ್ದು. ಫೋನಿನಲ್ಲಿ "ಆಯ್ತು ಸಾರ್, ಪರವಾಗಿಲ್ಲ" ಅಂದದ್ದು ಲೆಕ್ಕಕ್ಕೆ ಬರುವುದಿಲ್ಲ. ಬರವಣಿಗೆಯಲ್ಲಿ ಬೇಕು.

ಈಗಾಗಲೇ ಬೇಡದ ಕೆಲಸಕ್ಕೆ ದುಡ್ಡು ಹೋಗಿದ್ದರೆ, ಅಥವಾ ಬರೆದುಕೊಟ್ಟ ಫ್ರೀ ಸರ್ವಿಸ್‌ಗೆ ಕೂಲಿ ಹಾಕಿದ್ದರೆ, ಮೊದಲು ಸೆಂಟರಿನ ಮ್ಯಾನೇಜರಿಗೆ ಬರೆದು ಕೇಳಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. ಅಂಗಡಿ ಮಂಗಳೂರಿನಲ್ಲಿದೆ, ನಾವು ಕೇರಳದವರು, ಯಾರು ಅಲೆಯುವುದು ಅಂತ ನಮ್ಮ ಕಡೆ ತುಂಬ ಜನ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಕಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಒಂದೇ ಎಚ್ಚರಿಕೆ: 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತಲ್ವಾ, ನೀವೂ ಹಾಗೆ ಬಾಡಿಗೆ ವ್ಯಾಪಾರಕ್ಕೆ ಅಂತ ಗಾಡಿ ತೆಗೆದುಕೊಂಡಿದ್ದರೆ ಗ್ರಾಹಕ ಅನ್ನಿಸಿಕೊಳ್ಳುವುದು ಕಷ್ಟ, ಸ್ವಂತ ದುಡಿಮೆಯ ಜೀವನೋಪಾಯ ಅಂತ ತೋರಿಸಬೇಕಾಗುತ್ತದೆ. ಆಗ ಒಬ್ಬ ವಕೀಲರನ್ನು ಕೇಳಿ ಮುಂದುವರಿಯಿರಿ.

ನೀವು ಕೇಳಿದ ಎಸ್ಟಿಮೇಟಿಗೆ ನನ್ನ ಉತ್ತರ: ಮ್ಯಾನ್ಯುವಲ್‌ನಲ್ಲಿ ಇದ್ದರೆ ಎಣ್ಣೆಗೂ ಫಿಲ್ಟರಿಗೂ ಕೊಡಿ. ಫ್ಲಶ್, ಟೆಫ್ಲಾನ್, ಶಾಂಪೂ ತೆಗೆಸಿ. "ಕನ್ಸ್ಯೂಮಬಲ್ಸ್" ಅಂತ ಒಂದೇ ಸಾಲಿನಲ್ಲಿ ದುಡ್ಡು ಹಾಕಿದ್ದರೆ ಏನೇನು ಅಂತ ಬಿಡಿಸಿ ಬರೆಸಿ. ಒಳಗಿನ ಮನೆಯವರಿಗೆ ಹಣ ಹಾಕುವ ಮೊದಲು, ತೇವಾಂಶದ ಅಳತೆಯ ಹಾಳೆ ಕೊಡುತ್ತೀರಾ ಅಂತ ಕೇಳಿ. ಕೊಡುವುದಿಲ್ಲ ಅಂದರೆ ಅದು ಸರ್ವಿಸ್ ಅಲ್ಲ, ಬರೀ ತೊಳೆದು ಕೊಡುವುದು. ಅದಕ್ಕೆ ಅಷ್ಟು ದುಡ್ಡು ಕೊಡಬೇಡಿ.