ಓದುಗರ ಪ್ರಶ್ನೆ: ಟರ್ಬೊದಿಂದ ಎಣ್ಣೆ ಇಳಿಯುವ ದಾರಿ

ಪ್ರಶ್ನೆ: ನನ್ನ ವ್ಯಾನಿನ ಹಳೆಯ ಡೀಸೆಲ್ ಎಂಜಿನ್ ತೆಗೆದು, ಬೇರೊಂದು ಎಂಜಿನ್ ಕೂರಿಸಿ ಅದಕ್ಕೆ ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಜೋಡಿಸಿದ್ದೇನೆ. ಜಾಗ ಸಾಲದೆ ಟರ್ಬೊವನ್ನು ಬಹಳ ಕೆಳಗೆ ಕೂರಿಸಬೇಕಾಯಿತು. ಎಣ್ಣೆ ಮರಳಲು 10 ಮಿ.ಮೀ. ಒಳವ್ಯಾಸದ ರಬ್ಬರ್ ಹೋಸನ್ನು ಆಯಿಲ್ ಸಂಪಿನ (ಎಂಜಿನ್ನಿನ ತಳದಲ್ಲಿರುವ ಎಣ್ಣೆ ತೊಟ್ಟಿಯ) ಕೆಳಭಾಗಕ್ಕೆ ಸೇರಿಸಿದ್ದೇನೆ. ಎಂಜಿನ್ ಐಡಲಿನಲ್ಲಿ ಸ್ವಲ್ಪ ಹೊತ್ತು ಓಡಿದರೆ ನೀಲಿ ಹೊಗೆ ಬರುತ್ತದೆ. ಟರ್ಬೊದ ಸೀಲುಗಳನ್ನು ಬದಲಿಸಿದರೂ ಹೊಗೆ ನಿಲ್ಲಲಿಲ್ಲ. ಏನು ಮಾಡಬೇಕು? ಪಂಪು ಹಾಕಲೇಬೇಕೆ?

ಉತ್ತರ: ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ದೋಷವಿರುವುದು ಟರ್ಬೊದಲ್ಲಲ್ಲ, ಎಣ್ಣೆ ಮರಳುವ ದಾರಿಯಲ್ಲಿ. ಟರ್ಬೊಗೆ ಎಣ್ಣೆ ಬರುವುದು ಎಂಜಿನ್ನಿನ ಆಯಿಲ್ ಪಂಪಿನ ಒತ್ತಡದಿಂದ. ಆದ್ದರಿಂದ ಬರುವ ಪೈಪು ಸಣ್ಣದಿದ್ದರೂ ಸಾಕು. ಬೇರಿಂಗುಗಳನ್ನು ದಾಟಿದ ಮೇಲೆ ಆ ಒತ್ತಡ ಉಳಿಯುವುದಿಲ್ಲ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟಿನ ಬಳಿ ಎಣ್ಣೆ ಚೆನ್ನಾಗಿ ಕಡೆದುಹೋಗಿರುತ್ತದೆ, ಎರಡೂ ತುದಿಗಳಿಂದ ಸೋರಿ ಬಂದ ಗಾಳಿ ಮತ್ತು ಹೊಗೆ ಅದರಲ್ಲಿ ಬೆರೆತಿರುತ್ತದೆ. ಈ ನೊರೆಯನ್ನು ಕೆಳಗಿಳಿಸುವುದು ಅದರ ಸ್ವಂತ ಭಾರ ಮಾತ್ರ. 10 ಮಿ.ಮೀ. ಹೋಸಿನಲ್ಲಿ ಅದು ಸಲೀಸಾಗಿ ಇಳಿಯಲಾರದು. ಒಳವ್ಯಾಸ 16ರಿಂದ 19 ಮಿ.ಮೀ. ಇರಲಿ, ಮತ್ತು ಆ ಅಳತೆ ಎರಡು ತುದಿಯ ಫಿಟ್ಟಿಂಗುಗಳ ಒಳಗೂ ಕುಗ್ಗದಿರಲಿ.

ಸೀಲು ಬದಲಿಸಿಯೂ ಪ್ರಯೋಜನವಾಗದ್ದಕ್ಕೆ ಕಾರಣವೂ ಇಲ್ಲಿಯೇ ಇದೆ. ಟರ್ಬೊದಲ್ಲಿ ಸಾಮಾನ್ಯವಾಗಿ ಇರುವುದು ಪಿಸ್ಟನ್ ರಿಂಗಿನಂಥ ಸಣ್ಣ ಉಂಗುರಗಳು. ಎಣ್ಣೆಯನ್ನು ಒತ್ತಿ ಹಿಡಿದು ತಡೆಯುವ ರಬ್ಬರ್ ಸೀಲುಗಳು ಅಲ್ಲಿರುವುದಿಲ್ಲ. ಬೇರಿಂಗಿನ ಮನೆ ಬಹುಪಾಲು ಖಾಲಿಯಿದ್ದು, ಹೊರಗಿನ ಒತ್ತಡ ಒಳಗಿನದಕ್ಕಿಂತ ಹೆಚ್ಚಿದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಎಣ್ಣೆ ಒಳಗೆ ನಿಂತರೆ ಎಷ್ಟೇ ಹೊಸ ಉಂಗುರ ಹಾಕಿದರೂ ಅದು ಹೊಗೆಯಿಂದ ತಿರುಗುವ ಟರ್ಬೈನಿನ ಕಡೆಗೋ ಗಾಳಿಯನ್ನು ಒತ್ತುವ ಕಂಪ್ರೆಸರಿನ ಕಡೆಗೋ ನುಗ್ಗುತ್ತದೆ. ಐಡಲಿನಲ್ಲಿ ಆ ಎರಡೂ ಕಡೆ ಹೊರಗಿನ ಒತ್ತಡ ತೀರ ಕಡಿಮೆಯಿರುವುದರಿಂದ ಹೊಗೆ ಮೊದಲು ಕಾಣುವುದು ಆಗಲೇ.

ಈಗ ಹೋಸು ಸಂಪಿಗೆ ಸೇರುವ ಜಾಗವನ್ನು ನೋಡೋಣ. ನೀವು ಅದನ್ನು ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಜೋಡಿಸಿದ್ದೀರಿ. ಹೀಗಾದಾಗ ಹೋಸಿನಲ್ಲಿ ಎಣ್ಣೆ ಅದೇ ಮಟ್ಟದವರೆಗೆ ಸದಾ ನಿಂತಿರುತ್ತದೆ ಮತ್ತು ಮೇಲಿನಿಂದ ಬಂದ ನೊರೆ ಅದನ್ನು ತಳ್ಳಿಕೊಂಡು ಹೋಗಬೇಕಾಗುತ್ತದೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗಿಂತ ಮೇಲಕ್ಕೆ, ಕ್ರ್ಯಾಂಕ್‌ಶಾಫ್ಟ್ ಎಣ್ಣೆಯನ್ನು ಎರಚುವ ನೇರಕ್ಕೆ ಸಿಗದಂತೆ ರಂಧ್ರವಿರಬೇಕು. ಅದೇ ಎಂಜಿನ್ನಿನ ಟರ್ಬೊ ಮಾದರಿಯೂ ತಯಾರಾಗಿದ್ದರೆ, ಬ್ಲಾಕಿನಲ್ಲಿ ಇದಕ್ಕೆಂದೇ ಮುಚ್ಚಿಟ್ಟ ಜಾಗವೊಂದು ಇರುವ ಸಾಧ್ಯತೆಯಿದೆ. ಸಂಪಿಗೆ ಕೈಹಾಕುವ ಮೊದಲು ಅದನ್ನು ಹುಡುಕಿ. ಇಲ್ಲವಾದರೆ ಸಂಪನ್ನು ಬಿಚ್ಚಿ, ತೊಳೆದು, ಕೆಳಗಿಟ್ಟುಕೊಂಡು ಫಿಟ್ಟಿಂಗ್ ವೆಲ್ಡ್ ಮಾಡಿಸಿ. ಎಂಜಿನ್ನಿಗೆ ಜೋಡಿಸಿರುವಾಗಲೇ ಕೊರೆದರೆ ಲೋಹದ ಚೂರು ಒಳಗೆ ಬಿದ್ದು ಪಂಪಿನ ಬಾಯಿಗೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಹೋಸು ಆದಷ್ಟು ನೆಟ್ಟಗೆ, ಲಂಬದಿಂದ 35 ಡಿಗ್ರಿಗಿಂತ ಹೆಚ್ಚು ಓರೆಯಾಗದಂತೆ, ಎಲ್ಲಿಯೂ ಜೋತುಬಿದ್ದು ಮತ್ತೆ ಮೇಲೇಳದಂತೆ ಇಳಿಯಬೇಕು. ಕೂಲಂಟಿಗೆ ಬಳಸುವ ಸಾಮಾನ್ಯ ರಬ್ಬರ್ ಹೋಸು ಬಿಸಿ ಎಣ್ಣೆಗೆ ಉಬ್ಬಿ ಒಳಗಿನಿಂದ ಪದರಪದರವಾಗಿ ಕಿತ್ತುಬರುತ್ತದೆ; ಫ್ಲೋರೊ ರಬ್ಬರಿನ ಒಳಪದರವಿರುವುದನ್ನೋ ಟೆಫ್ಲಾನ್ ಹೋಸನ್ನೋ ಹಾಕಿ, ಮ್ಯಾನಿಫೋಲ್ಡಿನ ಬಿಸಿ ತಾಗದಂತೆ ಶಾಖಕವಚ ಸುತ್ತಿ. ಟರ್ಬೊದ ತಳದ ಫ್ಲ್ಯಾಂಜಿಗೆ ಗ್ಯಾಸ್ಕೆಟ್ ಮಾತ್ರ ಸಾಕು. ಸಿಲಿಕೋನ್ ಸೀಲಂಟ್ ಹಚ್ಚಿದರೆ ಬಿಗಿಯುವಾಗ ಅದು ಒಳಕ್ಕೆ ಉಬ್ಬಿ ದಾರಿಯನ್ನೇ ಕಿರಿದು ಮಾಡುತ್ತದೆ.

ಪಂಪಿನ ವಿಷಯಕ್ಕೆ ಬಂದರೆ, ಟರ್ಬೊದ ಎಣ್ಣೆ ಹೊರಬರುವ ಬಾಯಿ ಸಂಪಿನ ಎಣ್ಣೆಯ ಮಟ್ಟಕ್ಕಿಂತ ಸಾಕಷ್ಟು ಮೇಲಿದ್ದರೆ ಪಂಪು ಬೇಡವೇ ಬೇಡ. ಅದು ಆ ಮಟ್ಟಕ್ಕೆ ಸಮನಾಗಿಯೋ ಕೆಳಗೋ ಇದ್ದರೆ, ಟರ್ಬೊದ ಕೆಳಗೆ ಸಣ್ಣ ಸಂಗ್ರಹ ಪಾತ್ರೆಯಿಟ್ಟು, ಅದರಿಂದ ಬಿಸಿ ನೊರೆಯೆಣ್ಣೆಯನ್ನು ಎಳೆಯಬಲ್ಲ ಸ್ಕ್ಯಾವೆಂಜ್ ಪಂಪನ್ನು ಹಾಕುವುದು ಅನಿವಾರ್ಯ. ಆದರೂ ಮ್ಯಾನಿಫೋಲ್ಡನ್ನು ಬದಲಿಸಿ ಟರ್ಬೊವನ್ನು ಮೇಲೆತ್ತಲು ಸಾಧ್ಯವಿದ್ದರೆ, ಖರ್ಚು ಹೆಚ್ಚಾದರೂ ಅದನ್ನೇ ಮಾಡಿ ಎಂಬುದು ನನ್ನ ಸಲಹೆ. ವಿದ್ಯುತ್ ಪಂಪು ಚಾಲನೆಯಲ್ಲಿ ನಿಂತುಹೋದರೆ ಎಣ್ಣೆ ಕಂಪ್ರೆಸರಿನ ಮೂಲಕ ಇಂಟರ್‌ಕೂಲರಿಗೂ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ಅಲ್ಲಿಂದ ಸಿಲಿಂಡರುಗಳಿಗೂ ಹೋಗುತ್ತದೆ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಉರಿಸಿಕೊಂಡು ಹತೋಟಿಯಿಲ್ಲದೆ ವೇಗ ಏರಿಸಿಕೊಳ್ಳಬಲ್ಲದು. ಆಗ ಕೀ ತಿರುಗಿಸಿದರೂ ಅದು ನಿಲ್ಲದು, ಗಾಳಿ ಬರುವ ದಾರಿಯನ್ನು ಮುಚ್ಚಬೇಕಾಗುತ್ತದೆ. ಆದ್ದರಿಂದ ಪಂಪು ಹಾಕುವುದಾದರೆ ಅದು ನಿಂತ ಕೂಡಲೇ ಚಾಲಕನಿಗೆ ತಿಳಿಸುವ ದೀಪವನ್ನೂ ಸದ್ದನ್ನೂ ತಪ್ಪದೆ ಜೋಡಿಸಿ. ಇಂಟರ್‌ಕೂಲರಿನಲ್ಲಿ ಈಗಾಗಲೇ ನಿಂತಿರುವ ಎಣ್ಣೆಯನ್ನು ಮೊದಲು ಖಾಲಿ ಮಾಡಿ. ಅದಾಗುವವರೆಗೆ ವ್ಯಾನನ್ನು ಓಡಿಸಬೇಡಿ.

ಇಷ್ಟಾದರೂ ಹೊಗೆ ಉಳಿದರೆ ಕ್ರ್ಯಾಂಕ್‌ಕೇಸಿನ, ಅಂದರೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ಕೆಳಮನೆಯ, ಒತ್ತಡವನ್ನು ಪರೀಕ್ಷಿಸಿ. ಅಲ್ಲಿಯ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೆ ಅಥವಾ ಪಿಸ್ಟನ್ ರಿಂಗುಗಳು ಸವೆದಿದ್ದರೆ, ಒಳಗಿನ ಒತ್ತಡ ಅದೇ ಹೋಸಿನಲ್ಲಿ ಮೇಲಕ್ಕೇರಿ ಇಳಿಯುವ ಎಣ್ಣೆಗೆ ಅಡ್ಡಬರುತ್ತದೆ.

ಪ್ರಶ್ನೆ: ಟರ್ಬೊಗೆ ಬರುವ ಎಣ್ಣೆಯನ್ನೇ ಸಣ್ಣ ರಂಧ್ರದ ತಡೆ ಹಾಕಿ ತಗ್ಗಿಸಿದರೆ ಇಂಥ ಹೊಗೆ ನಿಲ್ಲುವುದಿಲ್ಲವೆ?

ಉತ್ತರ: ಹೊಗೆ ಕಡಿಮೆಯಾಗಬಹುದು, ಟರ್ಬೊವೂ ಹಾಳಾಗಬಹುದು. ಬಾಲ್ ಬೇರಿಂಗ್ ಟರ್ಬೊಗಳಿಗೆ ಇಂಥ ತಡೆ ಬೇಕಾಗುವುದುಂಟು. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಹೆಚ್ಚಾಗಿ ಕಾಣುವ ಜರ್ನಲ್ ಬೇರಿಂಗಿನಲ್ಲಿ ಶಾಫ್ಟ್ ಎಣ್ಣೆಯ ಪದರದ ಮೇಲೆಯೇ ತೇಲುತ್ತಿರುತ್ತದೆ. ಅಲ್ಲಿಯ ಬಿಸಿಯನ್ನು ಹೊರಗೊಯ್ಯುವುದೂ ಅದೇ ಎಣ್ಣೆ. ತಯಾರಕರು ಸೂಚಿಸದ ಹೊರತು ಅಲ್ಲಿ ತಡೆ ಹಾಕಬೇಡಿ.