ಮ್ಯಾಕ್ಸಿಮಾದಲ್ಲಿ ಲೆಕ್ಕ ಬಿಡಿಸಲು ಕಲಿಯುವುದು ಹೇಗೆ? ಕೈಲೆಕ್ಕ ಮರೆತುಹೋಗುತ್ತಾ?

ನೀವು ಕೇಳಿದ್ದು ಇಷ್ಟು: ಹಾವೇರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೀರಿ, ಗಣಿತದ ಪ್ರಾಕ್ಟಿಕಲ್‌ಗೆ ಮ್ಯಾಕ್ಸಿಮಾ (ಎಕ್ಸ್, ಎನ್ ಥರದ ಅಕ್ಷರಗಳಿರುವ ಲೆಕ್ಕವನ್ನೂ ಬಿಡಿಸುವ ಸಾಫ್ಟ್‌ವೇರ್) ಇದೆ, ರೆಕಾರ್ಡ್ ಬುಕ್ ನೋಡಿಕೊಂಡು ಕಮಾಂಡ್ ಟೈಪ್ ಮಾಡುತ್ತೀರಿ, ಉತ್ತರ ಬರುತ್ತದೆ, ಆದರೆ ಏನೂ ಕಲಿತಂತೆ ಅನಿಸುತ್ತಿಲ್ಲ. ಜೊತೆಗೆ ಕೈಲೆಕ್ಕ ಮರೆತುಹೋಗುತ್ತೇನೋ ಅನ್ನುವ ಭಯ ಬೇರೆ.

ನಾನು ಧಾರವಾಡದಲ್ಲಿ ಓದಿದವನು, ಈಗ ಸಪ್ತಾಪುರದಲ್ಲಿ ಟ್ಯೂಷನ್ ಹೇಳುತ್ತೇನೆ. ನನಗೂ ಮೊದಲು ಹೀಗೇ ಆಗಿತ್ತು. ಅದು ಬದಲಾಗಿದ್ದು ಲ್ಯಾಬಿನಲ್ಲಿ ಅಲ್ಲ, ರೋಣದ ಹತ್ತಿರ ನಮ್ಮ ಕಾಕಾನ ಹೊಲದಲ್ಲಿ.

ಕಾಕಾ ಕೃಷಿ ಹೊಂಡ ತೋಡಿಸಿದ್ದರು. ಮೇಲೆ 15 ಮೀಟರ್ ಚೌಕ, ತಳ 9 ಮೀಟರ್ ಚೌಕ, ಆಳ 3 ಮೀಟರ್. ಎಷ್ಟು ನೀರು ಹಿಡಿಯುತ್ತದೆ ಅಂತ ಕೇಳಿದರೆ ತೋಡಿದವರು ಮೇಲಿನ ಕ್ಷೇತ್ರಫಲ, ತಳದ ಕ್ಷೇತ್ರಫಲ ಎರಡನ್ನೂ ಕೂಡಿಸಿ ಅರ್ಧ ಮಾಡಿ ಆಳದಿಂದ ಗುಣಿಸಿ 459 ಘನ ಮೀಟರ್ ಅಂದರು. ಕಾಕಾಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಇತ್ತು. "ಅರ್ಧಾ ನೀರು ಖಾಲಿ ಆದಾಗ ಮಟ್ಟ ಎಲ್ಲಿಗಿ ಬರತೈತಿ ಹೇಳು ತಮ್ಮಾ, ಕೋಲಿಗೆ ಒಂದು ಗುರುತು ಹಾಕೂನು" ಅಂದರು. ಅಲ್ಲಿಂದ ಕೆಳಗಿನ ನೀರನ್ನು ಮೆಣಸಿನಕಾಯಿಗೆ ಉಳಿಸಿಕೊಳ್ಳಬೇಕಿತ್ತು.

ರಾತ್ರಿ ಲ್ಯಾಪ್‌ಟಾಪ್ ತೆಗೆಯುವ ಮೊದಲು ನೋಟ್‌ಬುಕ್ಕಿನಲ್ಲಿ ಹೊಂಡದ ಚಿತ್ರ ಬರೆದೆ. ತಳದಿಂದ ಒಂದು ಮೀಟರ್ ಮೇಲೆ ಬಂದರೆ ಎರಡೂ ಕಡೆ ಒಂದೊಂದು ಮೀಟರ್ ಅಗಲವಾಗುತ್ತದೆ, ಹಾಗಾದರೆ ಎಕ್ಸ್ ಮೀಟರ್ ಎತ್ತರದಲ್ಲಿ ಒಂದು ಬದಿ 9 + 2ಎಕ್ಸ್. ಅದರ ವರ್ಗವೇ ಅಲ್ಲಿನ ಕ್ಷೇತ್ರಫಲ. ಅದನ್ನು 0ಯಿಂದ 3ರವರೆಗೆ ಇಂಟಿಗ್ರೇಟ್ ಮಾಡಬೇಕು, ಅಂದರೆ ತಳದಿಂದ ಮೇಲಿನವರೆಗೆ ತೆಳು ಪದರಗಳನ್ನೆಲ್ಲ ಕೂಡಿಸಬೇಕು. ಈ ಸಾಲುಗಳನ್ನು ಮ್ಯಾಕ್ಸಿಮಾ ಬರೆದುಕೊಡುವುದಿಲ್ಲ, ಇದನ್ನು ನಾವೇ ಯೋಚಿಸಬೇಕು. ಆಮೇಲೆ ಮ್ಯಾಕ್ಸಿಮಾಗೆ ಕೊಟ್ಟೆ. 441 ಬಂತು. ಅಂದರೆ 4,41,000 ಲೀಟರ್. 459ರ ಲೆಕ್ಕದಲ್ಲಿದ್ದ ಇನ್ನುಳಿದ 18,000 ಲೀಟರ್ ಹೊಂಡದಲ್ಲಿ ಇರೋದೇ ಇಲ್ಲ!

ಈಗ ಅರ್ಧದ ಪ್ರಶ್ನೆ. ಮೇಲಿನ ಮಿತಿಯನ್ನು 3ರ ಬದಲು ಅಕ್ಷರವಾಗಿಯೇ ಬಿಟ್ಟು, ಇಂಟಿಗ್ರಲ್ ಅನ್ನು 441ರ ಅರ್ಧಕ್ಕೆ ಸಮ ಮಾಡಿ, ಸಮೀಕರಣ ಬಿಡಿಸುವ ಸಾಲ್ವ್ ಕಮಾಂಡ್ ಕೊಟ್ಟೆ. ಮೂರು ಉತ್ತರ ಬಂದವು. ಎರಡರಲ್ಲಿ ಪರ್ಸೆಂಟ್ ಐ ಇತ್ತು, ಅಂದರೆ ಕಾಲ್ಪನಿಕ ಸಂಖ್ಯೆ, ಕೋಲಿನ ಮೇಲೆ ಗುರುತು ಹಾಕಲು ಬರುವುದಿಲ್ಲ. ಮೂರನೆಯದರಲ್ಲಿ ಘನಮೂಲ. ಅದನ್ನು ದಶಮಾಂಶಕ್ಕೆ ತರಲು ಫ್ಲೋಟ್ ಹಾಕಿದರೆ ಸುಮಾರು 1.85 ಮೀಟರ್. ಆಳದ ಅರ್ಧ ಅಂತ ಸುಮ್ನೆ 1.5ಕ್ಕೆ ಗುರುತು ಹಾಕಿದ್ದರೆ ಅಲ್ಲಿ ಉಳಿಯುತ್ತಿದ್ದದ್ದು 1,66,500 ಲೀಟರ್ ಮಾತ್ರ. ಮರುದಿನ ಕಾಕಾ 1.85ಕ್ಕೆ ಕೆಂಪು ಬಣ್ಣ ಬಳಿದರು. ನಾನು ಪಾಠದಲ್ಲಿ ಕಲಿತ ಇಂಟಿಗ್ರೇಷನ್ ಒಬ್ಬ ರೈತನ ಕೋಲಿನ ಮೇಲೆ ಕೂತಿದ್ದನ್ನು ಅವತ್ತು ಕಣ್ಣಾರೆ ಕಂಡೆ, ಆ ಖುಷಿ ಇನ್ನೂ ಹೋಗಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ಲೆಕ್ಕವನ್ನು ಸಮೀಕರಣವಾಗಿ ಬರೆಯುವ ಕೆಲಸ ನಿಮ್ಮದು, ಉತ್ತರ ತಾಳೆ ನೋಡುವ ಕೆಲಸವೂ ನಿಮ್ಮದು, ನಡುವಿನ ಬೀಜಗಣಿತ ಮಾತ್ರ ಸಾಫ್ಟ್‌ವೇರ್‌ಗೆ ಕೊಡಿ. ಕಮಾಂಡ್ ಓಡಿಸಲು ಶಿಫ್ಟ್ ಎಂಟರ್ ಒತ್ತುವ ಮೊದಲು ಉತ್ತರ ಹೇಗಿರಬಹುದು ಅಂತ ಒಂದು ಸಾಲು ಬರೆದಿಡಿ. ಇಂಟಿಗ್ರಲ್ ಬಂದರೆ ಅದನ್ನು ತಿರುಗಿ ಡಿಫ್ (ಡಿಫರೆನ್ಷಿಯೇಟ್) ಮಾಡಿ, ಹೊರಟಲ್ಲಿಗೇ ಬಂದಿರಾ ನೋಡಿ. ಹೀಗೆ ಮಾಡಿದರೆ ಕೈಲೆಕ್ಕ ಮರೆಯುವುದಿಲ್ಲ, ನನ್ನ ಹುಡುಗರಲ್ಲಿ ನೋಡಿದ್ದೇನೆ, ಇನ್ನೂ ಚುರುಕಾಗುತ್ತದೆ.

ತಾಳೆ ನೋಡುವುದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಒಮ್ಮೆ ನಾನು ಇ ಘಾತ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಲು ಕೊಟ್ಟೆ. ಅದೇ ಉತ್ತರ ಬರಬೇಕು, ಅಲ್ವಾ? ಆದರೆ ಕೆಳಗೆ ಛೇದದಲ್ಲಿ ಲಾಗ್ ಇ ಅಂತ ಕೂತಿತ್ತು. ಒಂದು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಮ್ಯಾಕ್ಸಿಮಾದಲ್ಲಿ ಬರೀ ಇ ಅಂದರೆ ಅದು ಎ, ಬಿ ಥರ ಒಂದು ಅಕ್ಷರ ಅಷ್ಟೇ. 2.718ರ ಇ ಬೇಕಾದರೆ ಮುಂದೆ ಪರ್ಸೆಂಟ್ ಚಿಹ್ನೆ ಹಾಕಬೇಕು. ಪೈಗೂ ಹಾಗೇ. ಅದು ತಪ್ಪು ಅಂತ ಎಚ್ಚರಿಸುವುದಿಲ್ಲ, ಯಾಕಂದರೆ ಅದರ ಮಟ್ಟಿಗೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಸರಿಯಾಗಿಯೇ ಇದೆ.

ಕೆಲವೊಮ್ಮೆ ಅದೇ ತಿರುಗಿ ಪ್ರಶ್ನೆ ಕೇಳುತ್ತದೆ. ಎಕ್ಸ್ ಘಾತ ಎನ್ ಅನ್ನು ಇಂಟಿಗ್ರೇಟ್ ಮಾಡಲು ಕೊಡಿ, ಎನ್ ಬೆಲೆ ಮೈನಸ್ ಒಂದಾ ಅಂತ ಕೇಳುತ್ತದೆ. ಪಿಯುಸಿಯಲ್ಲಿ ಸೂತ್ರದ ಪಕ್ಕ ಸಣ್ಣದಾಗಿ ಬರೆದಿರುತ್ತಿದ್ದ ಆ ಷರತ್ತು ಯಾಕೆ ಅಲ್ಲಿತ್ತು ಅಂತ ನನಗೆ ಹೊಳೆದದ್ದು ಆಗಲೇ. ಆ ಪ್ರಶ್ನೆ ಬಂದಾಗ ಏನೋ ಒಂದು ಒತ್ತಿ ಮುಂದೆ ಹೋಗಬೇಡಿ.

ಇನ್ನೊಂದು ಲೆಕ್ಕ ಕೈಯಲ್ಲೇ ಮಾಡಿ ನೋಡಿ. ಎಕ್ಸ್ ಪ್ಲಸ್ 6ರ ವರ್ಗಮೂಲ ಎಕ್ಸ್‌ಗೆ ಸಮ. ಎರಡೂ ಕಡೆ ವರ್ಗ ಮಾಡಿ ಸಾಲ್ವ್‌ಗೆ ಕೊಟ್ಟರೆ 3 ಮತ್ತು ಮೈನಸ್ 2 ಬರುತ್ತವೆ. ಮೈನಸ್ 2 ಅನ್ನು ಮೂಲ ಸಮೀಕರಣದಲ್ಲಿ ಹಾಕಿ: 4ರ ವರ್ಗಮೂಲ 2, ಮೈನಸ್ 2 ಅಲ್ಲ. ವರ್ಗ ಮಾಡಿದ್ದು ನೀವು, ಆ ಸುಳ್ಳು ಉತ್ತರ ಒಳಗೆ ಬಂದದ್ದೂ ಅಲ್ಲೇ.

ಪೈಥಾನ್ ಬಂದರೆ ಅದರಲ್ಲಿ ಇಂಥದೇ ಕೆಲಸ ಮಾಡುವ ಸಿಂಪೈ ಕೂಡ ಚೆನ್ನಾಗಿದೆ. ಅಲ್ಲಿ ಒಂದು ಎಚ್ಚರ: ಮೂರನೇ ಒಂದು ಅಂತ ಭಾಗಾಕಾರ ಚಿಹ್ನೆ ಹಾಕಿ ಬರೆದರೆ ಪೈಥಾನ್ ಮೊದಲೇ ಅದನ್ನು 0.333 ಮಾಡಿಬಿಡುತ್ತದೆ. ಭಿನ್ನರಾಶಿಯಾಗಿಯೇ ಉಳಿಯಬೇಕಾದರೆ ರ‍್ಯಾಷನಲ್ ಅಂತ ಕೊಡಬೇಕು. ಆದರೆ ಪ್ರಾಕ್ಟಿಕಲ್ ಇರುವುದು ಮ್ಯಾಕ್ಸಿಮಾದಲ್ಲಿ ಆದ್ದರಿಂದ ಸದ್ಯಕ್ಕೆ ಅದರಲ್ಲೇ ಕೈ ಕೂರಿಸಿ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆ ಇಲ್ಲ, ಆಂಡ್ರಾಯ್ಡ್ ಫೋನಿಗೂ ಮ್ಯಾಕ್ಸಿಮಾ ಇದೆ, ದುಡ್ಡು ಕೊಡಬೇಕಿಲ್ಲ. ಇದರ ಮೂಲ ಅಮೆರಿಕದ ಎಂ.ಐ.ಟಿ.ಯಲ್ಲಿ 1960ರ ದಶಕದ ಕೊನೆಗೆ ಶುರುವಾದ ಮ್ಯಾಕ್‌ಸಿಮಾ (Macsyma) ಅನ್ನುವ ಪ್ರೋಗ್ರಾಂ. ವಿಲಿಯಂ ಶೆಲ್ಟರ್ ಅನ್ನುವ ಪ್ರೊಫೆಸರ್ ಅದರ ಒಂದು ಆವೃತ್ತಿಯನ್ನು 1982ರಿಂದ ನೋಡಿಕೊಂಡು ಬಂದರು, 1998ರಲ್ಲಿ ಅನುಮತಿ ಪಡೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ರೋಣದಲ್ಲಿ ಕೂತು ನಾನು ಹೊಂಡ ಅಳೆಯಲು ಆದದ್ದು ಅದರಿಂದ.

ಇವತ್ತೇ ಒಂದು ಶುರು ಮಾಡಿ. ಎರೆ ಮಣ್ಣಿನಲ್ಲಿ ದಂಡೆ ಜಾರುತ್ತದೆ ಅಂತ ಕೆಲವರು ಇಳಿಜಾರು ಜಾಸ್ತಿ ಇಡುತ್ತಾರೆ. ಅದೇ 9 ಮೀಟರ್ ತಳ, 3 ಮೀಟರ್ ಆಳ, ಆದರೆ ಪ್ರತಿ ಮೀಟರ್ ಎತ್ತರಕ್ಕೆ ಪ್ರತಿ ಕಡೆ ಒಂದೂವರೆ ಮೀಟರ್ ಅಗಲವಾಗುತ್ತದೆ ಅಂದುಕೊಳ್ಳಿ. ಮೊದಲು ಚಿತ್ರ ಬರೆಯಿರಿ, ಆಮೇಲೆ ಟೈಪ್ ಮಾಡಿ. 567 ಘನ ಮೀಟರ್ ಬರಬೇಕು. ಬರದಿದ್ದರೆ ನೀವು ಬರೆದ ಸಾಲನ್ನು ಹಾಗೇ ಇಲ್ಲಿ ಹಾಕಿ, ಎಲ್ಲಿ ತಪ್ಪಿದೆ ಅಂತ ನೋಡೋಣ.