ಅಡಿಕೆ ತೋಟದ ಅಪ್ಪನಿಗೆ 60ರ ಹುಟ್ಟುಹಬ್ಬಕ್ಕೆ ಜೇಬುಚಾಕು: ಯಾವುದು ಕೊಡಲಿ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಶಿರಸಿ ಕಡೆ ಅಡಿಕೆ ತೋಟ ನೋಡಿಕೊಳ್ಳುವ ತಂದೆಯವರಿಗೆ ಬರುವ ತಿಂಗಳು 60 ತುಂಬುತ್ತದೆ. ಅಂಗಿಯ ಜೇಬಿನಲ್ಲಿ ಸದಾ ಒಂದು ಮಡಚುವ ಚಾಕು ಇರುತ್ತದೆ, ಅದೀಗ ಸಡಿಲವಾಗಿ ಅಲಗು ಅಲ್ಲಾಡುತ್ತಿದೆ. ಅದರ ಜಾಗಕ್ಕೆ ಬಹುಕಾಲ ಬಾಳುವ ಒಂದು ಒಳ್ಳೆಯ ಚಾಕು ಬೇಕು. ಚಾಕುವಿನ ವಿಷಯ ನಿಮಗೆ ಹೊಸದು.

ಅಂಗಡಿ ಹುಡುಕುವ ಮೊದಲು ಊರಿಗೆ ಹೋದಾಗ ಆ ಹಳೆಯ ಚಾಕುವನ್ನು ಬೆಳಕಿಗೆ ಹಿಡಿದು ನೋಡಿ. ಅವರು ಅದರಿಂದ ಏನು ಕೆಲಸ ತೆಗೆಯುತ್ತಾರೆ ಎಂಬುದು ಅದರ ಮೈಮೇಲೇ ಇರುತ್ತದೆ. ಮೊನೆ ಮುರಿದಿದ್ದರೆ ಡಬ್ಬದ ಮುಚ್ಚಳ ಮೀಟಲು, ಸ್ಕ್ರೂ ತಿರುಗಿಸಲು ಬಳಸುತ್ತಾರೆ ಎಂದರ್ಥ. ಅಂಥವರಿಗೆ ಬರೀ ಅಲಗಿನ ಚಾಕು ಎಷ್ಟೇ ಚೆಂದದ್ದು ಕೊಟ್ಟರೂ ಅದರ ಮೊನೆಯೂ ಆರು ತಿಂಗಳಲ್ಲಿ ಹೋಗುತ್ತದೆ. ಹಿಡಿಯ ಹತ್ತಿರ ಅಲಗಿನ ಬಾಯಿ, ಅಂದರೆ ಹರಿತದ ಅಂಚು, ತಗ್ಗು ಬಿದ್ದಿದ್ದರೆ ಹಗ್ಗ, ಗೊಬ್ಬರ ಚೀಲದ ದಾರ, ಹನಿ ನೀರಾವರಿಯ ಪೈಪು. ಜೋರು ಹಾಕಿ ಎಳೆಯುವ ಕೆಲಸವೆಲ್ಲ ಅಲ್ಲಿಗೇ ಬೀಳುತ್ತದೆ. ಮೊನೆಯ ಹತ್ತಿರದ ಬಾಗು ಸವೆದಿದ್ದರೆ ಹಣ್ಣು, ಬಾಳೆ ಎಲೆ, ವೀಳ್ಯದೆಲೆಯ ತೊಟ್ಟು. ಅಲಗಿನ ಒಂದೇ ಮಗ್ಗುಲನ್ನು ಮಸೆದಿದ್ದರೆ ಅವರು ಕಸಿ ಕಟ್ಟುತ್ತಾರೆ.

ಕಸಿ ಕಟ್ಟುವವರಾದರೆ ನನ್ನ ಉತ್ತರವೇ ಬದಲಾಗುತ್ತದೆ. ಮಾಮೂಲಿ ಜೇಬುಚಾಕುವಿಗೆ ಎರಡೂ ಮಗ್ಗುಲಲ್ಲಿ ಇಳಿಜಾರು ಇರುತ್ತದೆ, ಹಾಗಾಗಿ ಕೊಯ್ಯುವಾಗ ಅಲಗು ಸ್ವಲ್ಪ ಆಚೀಚೆ ಓಲುತ್ತದೆ. ಕಸಿ ಚಾಕುವಿನ ಒಂದು ಮಗ್ಗುಲು ಪೂರಾ ಚಪ್ಪಟೆ. ಅದರಿಂದ ಕೊಯ್ದ ಮುಖ ಸಪಾಟಾಗಿ ಬರುತ್ತದೆ, ಬೇರುಗಿಡ ಮತ್ತು ಕಸಿಕಡ್ಡಿಯ ತೊಗಟೆಯೊಳಗಿನ ಹಸಿರು ಪದರಗಳು ಸಂದಿಲ್ಲದೆ ಕೂರುತ್ತವೆ. ಹಿಪ್ಪಲಿಯ ಮೇಲೆ ಕಾಳುಮೆಣಸು ಕಟ್ಟುವವರಿಗೆ ಇದರ ಬೆಲೆ ಗೊತ್ತು. ಕೊಳ್ಳುವಾಗ ಒಂದು ಎಚ್ಚರ: ಒಂದೇ ಮಗ್ಗುಲು ಮಸೆದ ಚಾಕುವಿನಲ್ಲಿ ಬಲಗೈಯದು, ಎಡಗೈಯದು ಬೇರೆ ಬೇರೆ. ತಂದೆಯವರು ಎಡಗೈಯವರಾದರೆ ಎಡಗೈಯದನ್ನೇ ಕೇಳಿ ತರಿಸಿ. ಮತ್ತು ಕಸಿ ಚಾಕುವಿನಲ್ಲಿ ಹಗ್ಗ ಕೊಯ್ಯಬಾರದು. ಆದ್ದರಿಂದ ಕಸಿಗೊಂದು, ಜೇಬಿಗೊಂದು, ಎರಡು ಚಾಕು ಬೇಕಾಗುತ್ತದೆ.

ಕಸಿಯ ಮಾತಿಲ್ಲ, ದಿನದ ಬಳಕೆಗೆ ಅಂದರೆ ನಾನು ಹೇಳುವುದು ಎರಡೇ ಹೆಸರು.

ಮೊದಲನೆಯದು ವಿಕ್ಟೋರಿನಾಕ್ಸ್‌ನ ಪಯನಿಯರ್ ಅಥವಾ ಫಾರ್ಮರ್. ಸ್ವಿಟ್ಜರ್ಲೆಂಡಿನ ಈಬಾಖ್‌ನಲ್ಲಿ 1884ರಲ್ಲಿ ಶುರುವಾದ ಕಂಪನಿ ಇದು, 1891ರಿಂದ ಅಲ್ಲಿನ ಸೈನಿಕರಿಗೆ ಚಾಕು ಒದಗಿಸಿತು. ಎಲ್ಲರಿಗೂ ಗೊತ್ತಿರುವ ಕೆಂಪು ಪ್ಲಾಸ್ಟಿಕ್ ಹಿಡಿಯದ್ದಲ್ಲ, ಗೀರುಗೀರಿನ ಅಲ್ಯುಮಿನಿಯಂ ಹಿಡಿಯದ್ದು ಕೇಳಿ. ಅದನ್ನು ಅಲಾಕ್ಸ್ ಎನ್ನುತ್ತಾರೆ. ಮಡಚಿದಾಗ 93 ಮಿ.ಮೀ. ಉದ್ದ. ಪಯನಿಯರ್‌ನಲ್ಲಿ ಒಂದು ದೊಡ್ಡ ಅಲಗು, ಗೋಣಿಗೂ ಬೆಲ್ಟಿಗೂ ತೂತು ಕೊರೆಯುವ ದಬ್ಬಳ, ಡಬ್ಬ ತೆರೆಯುವುದು, ಬಾಟಲಿ ತೆರೆಯುವುದು. ಕೊನೆಯ ಎರಡರ ತುದಿ ಸಣ್ಣ ಮತ್ತು ದೊಡ್ಡ ಸ್ಕ್ರೂಡ್ರೈವರ್ ಆಗಿಯೂ ಕೆಲಸ ಮಾಡುತ್ತದೆ. ಫಾರ್ಮರ್‌ನಲ್ಲಿ ಇವುಗಳ ಜೊತೆ ಒಂದು ಗರಗಸ. ಹೆಬ್ಬೆರಳು ಗಾತ್ರದ ಹಸಿ ಕೊಂಬೆ ಅದಕ್ಕೆ ಸಲೀಸು. ಇದಕ್ಕಿಂತ ಹೆಚ್ಚು ಸಾಮಾನು ತುಂಬಿದ್ದು ಬೇಡ. ಒಂದೊಂದು ಪದರ ಸೇರಿದಂತೆಲ್ಲ ಚಾಕು ದಪ್ಪವಾಗುತ್ತದೆ, 100 ಗ್ರಾಂ ದಾಟಿದ ಚಾಕು ಅಂಗಿಯ ಜೇಬನ್ನು ಜೋತುಬೀಳಿಸುತ್ತದೆ, ಬಗ್ಗಿದಾಗ ಜಾರಿ ಬೀಳುತ್ತದೆ. ಆಮೇಲೆ ಅದು ಮೇಜಿನ ಖಾನೆ ಸೇರಿ ಅಲ್ಲೇ ಉಳಿಯುತ್ತದೆ.

ಎರಡನೆಯದು ಫ್ರಾನ್ಸಿನ ಸವೋಯ್ ಸೀಮೆಯ ಒಪಿನೆಲ್. 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ ರೈತರ ಚಾಕು: ಒಂದು ಮರದ ಹಿಡಿ, ಒಂದು ಅಲಗು, 1955ರಲ್ಲಿ ಸೇರಿದ, ಕತ್ತಿನಲ್ಲಿ ತಿರುಗುವ ಒಂದು ಉಕ್ಕಿನ ಬಳೆ. ಬಳೆ ತಿರುಗಿಸಿದರೆ ಅಲಗು ಬೀಗ ಬಿದ್ದಂತೆ ನಿಲ್ಲುತ್ತದೆ. ಸಂಖ್ಯೆಯ ಮೇಲೆ ಅಳತೆ: 7ರ ಅಲಗು 8 ಸೆಂ.ಮೀ., 8ರದ್ದು 8.5 ಸೆಂ.ಮೀ. ಅಂಗಿ ಜೇಬಿಗೆ 7 ಸಾಕು, ಅಂಗೈ ದೊಡ್ಡದಿದ್ದರೆ 8. ಅಲಗು ತೆಳು, ಹಾಗಾಗಿ ಮಾವು, ಪಪ್ಪಾಯಿ, ಸೌತೆಕಾಯಿ ಹೆಚ್ಚುವುದರಲ್ಲಿ ಇದರ ಸಮಕ್ಕೆ ವಿಕ್ಟೋರಿನಾಕ್ಸ್ ಬರುವುದಿಲ್ಲ. ಆದರೆ ಅದೇ ತೆಳುವಿನಿಂದಾಗಿ ಇದರಲ್ಲಿ ಮೀಟಿದರೆ ಮೊನೆ ಹಾರಿಹೋಗುತ್ತದೆ.

ಒಪಿನೆಲ್ ತೆಗೆದುಕೊಂಡರೆ ಅಲಗಿನ ಮೇಲೆ ಏನು ಬರೆದಿದೆ ನೋಡಿ. ‘ಕಾರ್ಬೋನ್’ ಎಂದಿದ್ದರೆ ತುಕ್ಕು ಹಿಡಿಯುವ ಉಕ್ಕು, ‘ಇನಾಕ್ಸ್’ ಎಂದಿದ್ದರೆ ಸ್ಟೇನ್‌ಲೆಸ್. ಚಾಕು ಪ್ರಿಯರು ಕಾರ್ಬನ್ ಉಕ್ಕನ್ನು ಹೊಗಳುತ್ತಾರೆ, ಮಸೆದರೆ ಅದಕ್ಕೆ ಬೇಗ ಹರಿತ ಬರುತ್ತದೆ ಎಂಬುದೂ ನಿಜ. ಆದರೂ ಅಡಿಕೆ ಸೀಮೆಗೆ ಅದನ್ನು ಕೊಡಬೇಡಿ. ಹಸಿ ಅಡಿಕೆಯ ಚೊಗರು, ಬಾಳೆಯ ಸೊನೆ ಎರಡರಲ್ಲೂ ಟ್ಯಾನಿನ್ ಇದೆ. ಅದು ಕಬ್ಬಿಣಕ್ಕೆ ಸೋಕಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಒಂದೇ ವಾರದಲ್ಲಿ ಅಲಗು ಕಪ್ಪಾಗುತ್ತದೆ, ಹುಳಿ ಮಾವು ಕೊಯ್ದರೆ ಹೋಳಿಗೆ ಕಬ್ಬಿಣದ ವಾಸನೆ ಬರುತ್ತದೆ, ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆಯಿಟ್ಟರೆ ಬೆಳಿಗ್ಗೆ ಕೆಂಪು ತುಕ್ಕು. ಇನಾಕ್ಸ್ ಕೊಡಿ.

ಅಂಗಡಿಯವರು ‘ಡಿ2’, ‘ಎಸ್30ವಿ’ ಎಂಬ ದುಬಾರಿ ಉಕ್ಕುಗಳ ಹೆಸರು ಹೇಳಬಹುದು. ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಅವು 60ರ ಆಸುಪಾಸು, ವಿಕ್ಟೋರಿನಾಕ್ಸ್ ಅಲಗು 56. ಗಡಸು ಹೆಚ್ಚಿದ್ದರೆ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಒಮ್ಮೆ ಮೊಂಡಾದರೆ ಮನೆಯ ಮಸೆಗಲ್ಲಿಗೆ ಅದು ಜಗ್ಗುವುದಿಲ್ಲ, ವಜ್ರದ ಪುಡಿ ಹಚ್ಚಿದ ತಟ್ಟೆ ಬೇಕಾಗುತ್ತದೆ. ಕೈಯಲ್ಲೇ ಮಸೆದುಕೊಂಡು ರೂಢಿಯಿರುವ ಹಿರಿಯರಿಗೆ ಐದು ನಿಮಿಷದಲ್ಲಿ ಹರಿತ ಬರುವ 56ರ ಉಕ್ಕೇ ಒಳ್ಳೆಯದು.

ಇನ್ನು ತೆರೆಯುವ ಬಗೆ. ಉಡುಗೊರೆ ಕೊಡುವವರು ಹೆಚ್ಚು ಎಡವುವುದು ಇಲ್ಲಿ, ಯಾಕೆಂದರೆ ತೆರೆದು ನೋಡುವವರು ಮೂವತ್ತರ ಬೆರಳಿನವರು, ಬಳಸುವವರು ಅರವತ್ತರ ಬೆರಳಿನವರು. ವಿಕ್ಟೋರಿನಾಕ್ಸ್‌ನಲ್ಲಿ ಬೆನ್ನಿನ ಸ್ಪ್ರಿಂಗ್ ಅಲಗನ್ನು ಹಿಡಿದಿರುತ್ತದೆ, ಉಗುರನ್ನು ಗೀರಿಗೆ ಸಿಕ್ಕಿಸಿ ಎಳೆಯಬೇಕು. ಹೊಸದರಲ್ಲಿ ಬಿಗಿ ಇರುತ್ತದೆ. ಉಗುರು ತೀರಾ ಗಿಡ್ಡ ಕತ್ತರಿಸಿಕೊಳ್ಳುವವರಿಗೆ, ಬೆರಳ ಗಂಟು ನೋಯುವವರಿಗೆ ಅದೊಂದು ಹಿಂಸೆ. ಒಪಿನೆಲ್‌ಗೆ ಸ್ಪ್ರಿಂಗ್ ಇಲ್ಲ. ಬಳೆಯ ಬೀಗ ಬಿಡಿಸಿ ಹಿಡಿಯ ಹಿಂತುದಿಯನ್ನು ಮೇಜಿಗೆ ಒಮ್ಮೆ ಕುಟ್ಟಿದರೆ ಅಲಗು ತಾನಾಗಿ ಇಣುಕುತ್ತದೆ, ಸವೋಯ್‌ನವರು ತೆರೆಯುವುದೇ ಹಾಗೆ. ಆದ್ದರಿಂದ ಬೆರಳು ನೋವಿದ್ದರೆ ಒಪಿನೆಲ್, ಇಲ್ಲದಿದ್ದರೆ ವಿಕ್ಟೋರಿನಾಕ್ಸ್.

ಆದರೆ ಒಪಿನೆಲ್‌ನ ಮರ ಮಲೆನಾಡಿನ ಮಳೆಗೆ ಉಬ್ಬುತ್ತದೆ. ಆಷಾಢದಲ್ಲಿ ನೆನೆದ ಹಿಡಿ ಅಲಗನ್ನು ಕಚ್ಚಿಕೊಂಡು ತೆರೆಯಲೇ ಬಿಡುವುದಿಲ್ಲ, ಒಣಗಿದ ಮೇಲೆ ಸರಿಹೋಗುತ್ತದೆ. ಇದಕ್ಕೆ ಕೊಡುವ ಮೊದಲೇ ಒಂದು ಉಪಾಯ ಮಾಡಿ: ಅಲಗಿನ ಬುಡ ಕೂರುವ ಸಂದನ್ನು 240 ನಂಬರಿನ ಉಜ್ಜುಕಾಗದ ಮಡಚಿ ಒಳಗಿಂದ ಎರಡೂ ಕಡೆ ಹತ್ತಿಪ್ಪತ್ತು ಸಲ ಉಜ್ಜಿ, ಅಗಸೆ ಎಣ್ಣೆ ಸವರಿ ಎರಡು ದಿನ ನೆರಳಲ್ಲಿ ಒಣಗಿಸಿ. ಹೆಚ್ಚು ಉಜ್ಜಿದರೆ ಬೇಸಗೆಯಲ್ಲಿ ಅಲಗು ಸಡಿಲವಾಗುತ್ತದೆ, ಸ್ವಲ್ಪ ಉಜ್ಜಿ ತೆರೆದು ನೋಡುತ್ತಾ ಹೋಗಿ. ಅಲ್ಯುಮಿನಿಯಂ ಹಿಡಿಗೆ ಈ ತಾಪತ್ರಯವಿಲ್ಲ. ಇನ್ನೊಂದು ಅನುಕೂಲವೂ ಅದಕ್ಕಿದೆ: ತೋಟದಲ್ಲಿ ಬಿದ್ದರೆ ಮರದ ಹಿಡಿ ದರಕಿನಲ್ಲಿ, ಅಂದರೆ ಒಣ ಎಲೆಗಳ ನಡುವೆ, ಕಾಣುವುದೇ ಇಲ್ಲ, ಬೆಳ್ಳಿ ಬಣ್ಣದ್ದು ಮಿಂಚುತ್ತದೆ. ಅದರ ಹಿಂತುದಿಯ ಸಣ್ಣ ಬಳೆಗೆ ಒಂದು ಕೆಂಪು ದಾರ ಕಟ್ಟಿಕೊಡಿ.

ಈ ವಿಕ್ಟೋರಿನಾಕ್ಸ್‌ನಂಥ ಬೀಗವಿಲ್ಲದ ಚಾಕುವಿನಲ್ಲಿ ಚುಚ್ಚುವ ಕೆಲಸ ಮಾಡಬಾರದು. ಮೊನೆ ಸಿಕ್ಕಿಕೊಂಡಾಗ ಅಲಗು ಬೆರಳ ಮೇಲೇ ಮಡಚಿಕೊಳ್ಳುತ್ತದೆ. ವಿಕ್ಟೋರಿನಾಕ್ಸ್‌ನ ದಬ್ಬಳ ಇರುವುದು ಅದಕ್ಕೇ. ಒಣ ಅಡಿಕೆಗೆ ಅಡಕತ್ತರಿ, ಸುಲಿಯಲು ಮೆಟ್ಟುಗತ್ತಿ, ಕೊಂಬೆಗೆ ಕತ್ತಿ ಮನೆಯಲ್ಲಿ ಹೇಗೂ ಇರುತ್ತವೆ, ಅವುಗಳ ಕೆಲಸ ಜೇಬುಚಾಕುವಿನದಲ್ಲ. ಹಲಸಿಗಂತೂ ಇದನ್ನು ತರಲೇಬಾರದು, ಮೇಣ ಕೀಲಿನೊಳಗೆ ಹೋದರೆ ಎಣ್ಣೆ ಹಾಕಿ ಬಿಡಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ.

ಚೆಂದಕ್ಕೆ ಮರುಳಾಗಿ ಕೊಳ್ಳಬಾರದ ಮೂರು ಬಗೆ ಇವೆ. ಜಿಂಕೆ ಕೊಂಬಿನ ಹಿಡಿ: ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ನಮ್ಮ ಕಡವೆ, ಚುಕ್ಕಿ ಜಿಂಕೆಗಳ ಕೊಂಬಿನ ವ್ಯಾಪಾರ ಅಪರಾಧ. ಮನೆಯಲ್ಲಿ ಮಡಿ ನೋಡುವವರಿದ್ದರೆ ಮೂಳೆಯ ಹಿಡಿಯೂ ಬೇಡ. ಅಗ್ಗದ ‘ಡಮಾಸ್ಕಸ್’, ಅಂದರೆ ಪದರಪದರ ಉಕ್ಕಿನದೆಂದು ಮಾರುವ ಅಲಗು: ಅಲೆಅಲೆ ಚಿತ್ತಾರ ಹಲವು ಸಲ ಮೇಲ್ಮೈಗೆ ಲೇಸರಿನಲ್ಲಿ ಬರೆದದ್ದಾಗಿರುತ್ತದೆ, ಅಲಗಿನ ಬೆನ್ನನ್ನು ನೋಡಿ, ನಿಜವಾದ ಪದರಗಳಿದ್ದರೆ ಗೆರೆಗಳು ಅಲ್ಲೂ ಹಾದುಹೋಗಿರುತ್ತವೆ. ಇನ್ನು ಗುಂಡಿ ಒತ್ತಿದರೆ ಚಿಮ್ಮುವ ಬಟನ್ ಚಾಕು: ಅದನ್ನು ಜೇಬಿನಲ್ಲಿಟ್ಟುಕೊಂಡರೆ ಪೊಲೀಸರ ಕಣ್ಣು ಬೀಳುತ್ತದೆ. ಕೆಲಸದ ಜೇಬುಚಾಕು ಇಟ್ಟುಕೊಳ್ಳಲು ಪರವಾನಗಿ ಬೇಡ. ಶಸ್ತ್ರಾಸ್ತ್ರ ನಿಯಮಗಳು, 2016ರಲ್ಲಿ ಪರವಾನಗಿಯ ಮಾತು ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ, ಅದರಲ್ಲೂ ಮನೆ ಮತ್ತು ಬೇಸಾಯದ ಉಪಕರಣಗಳಿಗೆ ವಿನಾಯಿತಿ ಇದೆ. ಆದರೆ ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವುದಾದರೆ ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ ಹಾಕಿ. ಇಲ್ಲದಿದ್ದರೆ ಉಡುಗೊರೆ ತಪಾಸಣೆಯವರ ಬುಟ್ಟಿ ಸೇರುತ್ತದೆ.

ಕೈಗೆ ಬಂದ ಕೂಡಲೇ ಪರೀಕ್ಷಿಸಿ, ವಾಪಸು ಕಳಿಸುವ ಅವಧಿ ಮುಗಿಯುವ ತನಕ ಕಾಯಬೇಡಿ. ತೆರೆದು ಅಲಗಿನ ಬೆನ್ನು ಹಿಡಿದು ಎಡಬಲಕ್ಕೆ ಅಲುಗಿಸಿ: ಕಟಕಟ ಎನ್ನಬಾರದು. ಮಡಚಿ ಮೇಲಿನಿಂದ ನೋಡಿ: ಅಲಗು ಸಂದಿನ ಗೋಡೆಗೆ ಉಜ್ಜದೆ ಕೂತಿರಬೇಕು. ಬುಡದಿಂದ ಮೊನೆಯವರೆಗೆ ಬಾಯನ್ನು ಬೆಳಕಿಗೆ ಹಿಡಿದರೆ ಎಲ್ಲೂ ಹೊಳೆಯಬಾರದು. ಹೊಳೆಯುವ ಚುಕ್ಕೆ ಇದ್ದಲ್ಲಿ ಬಾಯಿ ಮೊಂಡಾಗಿದೆ ಅಥವಾ ಚಕ್ಕೆ ಹಾರಿದೆ.

ಹೆಸರು ಕೆತ್ತಿಸುವುದಾದರೆ ಹಿಡಿಯ ಮೇಲೆ ಕೆತ್ತಿಸಿ, ಅಲಗಿನ ಮೇಲಿನ ಬರಹ ಮಸೆಯುವಾಗ ಗೀರುಬೀಳುತ್ತದೆ. ಬಣ್ಣದ ಅಲಾಕ್ಸ್ ಹಿಡಿಯಲ್ಲಿ ಲೇಸರು ಬಣ್ಣದ ಪದರ ತೆಗೆದು ಬೆಳ್ಳಗಿನ ಅಕ್ಷರ ಬಿಡುತ್ತದೆ, ಮರದಲ್ಲಿ ಸುಟ್ಟು ಕಂದು ಅಕ್ಷರ ಮೂಡುತ್ತದೆ, ಎರಡೂ ಚೆನ್ನ. ಕನ್ನಡದಲ್ಲಿ ಕೆತ್ತಿಸುವಾಗ ಕೆಡುವುದು ಒತ್ತಕ್ಷರ. ಕೆತ್ತುವ ಅಂಗಡಿಯ ಹಳೆಯ ತಂತ್ರಾಂಶಕ್ಕೆ ಯೂನಿಕೋಡ್ ಗೊತ್ತಿಲ್ಲದಿದ್ದರೆ ‘ಅಪ್ಪ’ನ ಒತ್ತು ಪಕ್ಕಕ್ಕೆ ಹಾರಿ ‘ಅಪ್‌ಪ’ ಆಗುತ್ತದೆ, ಕೆತ್ತಿದ ಮೇಲೆ ಅಳಿಸಲಾಗದು. ಅಕ್ಷರಗಳನ್ನು ಗೆರೆಯ ಚಿತ್ರವಾಗಿ ಬದಲಿಸಿದ ಪಿಡಿಎಫ್ ಕಡತವನ್ನೇ ಕೊಡಿ, ಕೆತ್ತುವ ಮುಂಚೆ ಕಾಗದದ ಮೇಲೆ ಅದೇ ಅಳತೆಯಲ್ಲಿ ಮುದ್ರಿಸಿ ನೋಡಿ. ಮೂಲ ಅಕ್ಷರ 4 ಮಿ.ಮೀ. ಎತ್ತರಕ್ಕಿಂತ ಸಣ್ಣದಾದರೆ ಒತ್ತು ತುಂಬಿಕೊಂಡು ಕಲೆಯಂತೆ ಕಾಣುತ್ತದೆ. ಹೆಸರು ಮತ್ತು ದಿನಾಂಕ ಸಾಕು, ಸಾಲುಗಟ್ಟಲೆ ಬೇಡ.

ಚಾಕುವಿನ ಜೊತೆ ಎರಡು ಮುಖದ ಒಂದು ಮಸೆಗಲ್ಲನ್ನೂ ಕೊಡಿ: ಒಂದು ಮುಖ 400 ನಂಬರಿನ ಒರಟು, ಇನ್ನೊಂದು 1000 ನಂಬರಿನ ನಯ. ಪ್ರತಿ ಮಗ್ಗುಲನ್ನೂ ಕಲ್ಲಿಗೆ ಸುಮಾರು 20 ಡಿಗ್ರಿ ಕೋನದಲ್ಲಿ ಹಿಡಿದು ಮಸೆಯಬೇಕು. ಕಾಗದದ ಚೌಕ ಮೂಲೆಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿದರೆ 22.5 ಡಿಗ್ರಿ ಸಿಗುತ್ತದೆ, ಅದಕ್ಕಿಂತ ಕೂದಲೆಳೆ ಕಮ್ಮಿ ಹಿಡಿದರಾಯಿತು. ಒಂದು ಮಗ್ಗುಲು ಮಸೆದು ಆಚೆ ಮಗ್ಗುಲಲ್ಲಿ ಹೆಬ್ಬೆರಳಿಗೆ ಸಣ್ಣ ತರಿ ತಾಗಿದ ಮೇಲೆ ಮಾತ್ರ ತಿರುಗಿಸಬೇಕು. ಬೀದಿಯಲ್ಲಿ ಯಂತ್ರದ ಚಕ್ರಕ್ಕೆ ಸಾಣೆ ಕೊಡಿಸುವುದು ಬೇಡ ಎಂದು ಹೇಳಿ. ಬಾಯಿ ಕಾದು ನೀಲಿ ತಿರುಗಿದರೆ ಉಕ್ಕಿನ ಗಡಸು ಅಲ್ಲಿಗೆ ಹೋಯಿತು.

ಚರ್ಮದ ಚೀಲ ಉಡುಗೊರೆಗೆ ಲಕ್ಷಣ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದಕ್ಕೆ ಬೂಸು ಹಿಡಿಯುತ್ತದೆ, ತೇವ ಹಿಡಿದಿಟ್ಟು ಸ್ಟೇನ್‌ಲೆಸ್‌ಗೂ ಚುಕ್ಕೆ ತರಿಸುತ್ತದೆ. ಆ ನಾಲ್ಕು ತಿಂಗಳು ಚಾಕು ಜೇಬಿನಲ್ಲಿ ಬರಿದಾಗಿರಲಿ. ಹದಿನೈದು ದಿನಕ್ಕೊಮ್ಮೆ ಬಿಸಿನೀರು ಮತ್ತು ಸೋಪಿನಲ್ಲಿ ವಿಕ್ಟೋರಿನಾಕ್ಸ್ ಅನ್ನು ನಾಲ್ಕು ಸಲ ತೆರೆದು ಮಡಚಿ ತೊಳೆದು, ಒರೆಸಿ, ತೆರೆದಿಟ್ಟೇ ಒಣಗಿಸಿ ಕೀಲಿಗೆ ಒಂದು ತೊಟ್ಟು ಆಹಾರಕ್ಕೆ ನಡೆಯುವ ಖನಿಜ ಎಣ್ಣೆ. ಒಪಿನೆಲ್‌ನ ಮರವನ್ನು ನೀರಲ್ಲಿ ಮುಳುಗಿಸಬಾರದು, ಅಲಗು ತೊಳೆದು ಒರೆಸಿದರೆ ಸಾಕು. ತೆಂಗಿನೆಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗಿ ಕೀಲು ಬಿಗಿಯುತ್ತದೆ, ಸೂರ್ಯಕಾಂತಿ ಎಣ್ಣೆ ಅಂಟಂಟಾಗುತ್ತದೆ.

ಹರಿತದ ವಸ್ತು ಉಡುಗೊರೆ ಕೊಟ್ಟರೆ ಸಂಬಂಧ ಕಡಿಯುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಬಹುದು. ಯುರೋಪಿನಲ್ಲೂ ಇದೇ ನಂಬಿಕೆ ಇದೆ, ಅಲ್ಲಿನವರು ಚಾಕು ಪಡೆದವರ ಕೈಯಿಂದ ಒಂದು ನಾಣ್ಯ ಈಸಿಕೊಂಡು ಅದನ್ನು ಮಾರಾಟ ಮಾಡಿದ ಲೆಕ್ಕ ಮಾಡುತ್ತಾರೆ. ತಂದೆಯವರಿಂದ ಒಂದು ರೂಪಾಯಿ ಈಸಿಕೊಳ್ಳಿ. ಕೊಡುವಾಗ ಅಲಗು ಮಡಚಿರಲಿ, ಕಾರ್ಖಾನೆಯ ಎಣ್ಣೆಯನ್ನು ಮೊದಲೇ ಒರೆಸಿ ತೆಗೆದಿರಿ, ಮತ್ತು ಇದು ಹಳೆಯದಕ್ಕಿಂತ ತುಂಬ ಹರಿತ ಎಂದು ಬಾಯಿಬಿಟ್ಟು ಹೇಳಿ. ಮೊಂಡು ಚಾಕುವಿಗೆ ಒಗ್ಗಿದ ಕೈ ಹೊಸದರ ಮೇಲೂ ಅಷ್ಟೇ ಜೋರು ಹಾಕುತ್ತದೆ, ಬೆರಳು ಕೊಯ್ದುಕೊಳ್ಳುವುದು ಸಾಮಾನ್ಯವಾಗಿ ಆ ಮೊದಲ ವಾರದಲ್ಲೇ.